ಇಂದಿನ ಧಮ್ಮ ಚಿಂತನೆ: ಮರಿ ಯಾರದು?

 



ನಮ್ಮ ಕಡೆ ಕರಿಮೋರೆಯ ಮುಸುವ ಕಂಡರೆ ಕೆಲವರು ಕೈ ಮುಗಿಯುತ್ತಾರೆ, ಕೆಲವರು ಕಲ್ಲು ಬೀರುತ್ತಾರೆ. ನಾವು ಎರಡನ್ನೂ ಬಿಟ್ಟು, ಅದು ಮರಿಯನ್ನು ಹೇಗೆ ಸಾಕುತ್ತದೆ ಎಂದು ನೋಡೋಣ.

ಮುಸುವ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಕಪ್ಪು ಮೈಯ ಎಳೆಮರಿ ತಾಯಿಯ ಹೊಟ್ಟೆಗೆ ಅವುಚಿಕೊಂಡು ಮೊಲೆಯುಣ್ಣುತ್ತದೆ. ಕೆಲವು ತಿಂಗಳಿಗೆ ಚಿಗುರೆಲೆ ತಿನ್ನಲು ಕಲಿತರೂ ಸುಮಾರು ಒಂದು ವರ್ಷ ಹಾಲು ಬಿಡುವುದಿಲ್ಲ. ಹಾಲೂಡಿಸುವ ತಾಯಿಗೂ ಹೊಟ್ಟೆ ತುಂಬಬೇಕಲ್ಲ? ತಾಯಿ ಮೇಯುವಾಗ ಗುಂಪಿನ ಬೇರೆ ಹೆಣ್ಣುಗಳು ಮರಿಯನ್ನು ಎತ್ತಿಕೊಳ್ಳುತ್ತವೆ. ಹುಟ್ಟಿದ ದಿನವೇ ಮರಿ ಮಡಿಲಿಂದ ಮಡಿಲಿಗೆ ಹೋಗುವುದುಂಟು. ಇನ್ನೂ ಹೆರದ ಎಳೆ ಹೆಣ್ಣುಗಳಿಗೆ ಈ ಆಸೆ ಹೆಚ್ಚು.

ಇಷ್ಟನ್ನೇ ಹೇಳಿ, 'ನೋಡಿ, ಪ್ರಕೃತಿಯೇ ಕರುಣೆ ಕಲಿಸುತ್ತದೆ' ಎಂದು ನಾನು ಮುಗಿಸಲಾರೆ. 1960ರ ದಶಕದ ಆರಂಭದಲ್ಲಿ ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮಾ ನಮ್ಮ ಧಾರವಾಡದ ಕಾಡಿನಲ್ಲಿ ಮುಸುವಗಳನ್ನು ಅಧ್ಯಯನ ಮಾಡಿದರು. ಹೊರಗಿನ ಗಂಡು ಬಂದು ಗುಂಪನ್ನು ವಶಮಾಡಿಕೊಂಡ ಮೇಲೆ ಎಳೆಮರಿಗಳನ್ನು ಕಚ್ಚಿ ಕೊಂದದ್ದನ್ನು ಅವರು ದಾಖಲಿಸಿದರು. ಮುಂದೆ 1970ರ ದಶಕದಲ್ಲಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಸಾರಾ ಹರ್ಡಿ ಇನ್ನೊಂದನ್ನು ಕಂಡರು: ಅಂಥ ಗಂಡಿಗೆ ಮುದಿ ಹೆಣ್ಣುಗಳು ಎದುರು ನಿಂತು, ತಾವು ಹೆರದ ಮರಿಗಳಿಗಾಗಿ ಹೋರಾಡುತ್ತಿದ್ದವು.

ಒಂದೇ ಗುಂಪಿನಲ್ಲಿ ಅಪ್ಪುವ ಕೈಯೂ ಇದೆ, ಕೊಲ್ಲುವ ಹಲ್ಲೂ ಇದೆ. ಆದ್ದರಿಂದ 'ಪ್ರಕೃತಿಯಲ್ಲಿದೆ' ಎಂದ ಮಾತ್ರಕ್ಕೆ ಅದು ಸರಿ ಎಂದಾಗುವುದಿಲ್ಲ. ಮೇಲು-ಕೀಳು ಹುಟ್ಟಿನಿಂದಲೇ ಬಂದದ್ದು ಎಂದು ಹೇಳಿಯೇ ನಮ್ಮ ಹಿರಿಯರನ್ನು ಊರ ಹೊರಗೆ ಇಟ್ಟರು. ಬಾಬಾಸಾಹೇಬರು ಕರುಣೆಯ ಜೊತೆಗೆ ಪ್ರಜ್ಞೆ, ಸಮತೆಯನ್ನೂ ಹೇಳಿದರು. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವುದು ಪ್ರಜ್ಞೆ. ಆ ಕರುಣೆಯನ್ನು ನಮ್ಮವರು-ಬೇರೆಯವರು ಎನ್ನದೆ ಹಂಚುವುದು ಸಮತೆ.

ನಮ್ಮ ಅಕ್ಕಿಆಲೂರು ರಕ್ತದಾನಕ್ಕೆ ಹೆಸರಾದ ಊರು. ಕೊಟ್ಟ ರಕ್ತ ಯಾರ ಮಗುವಿನ ಮೈ ಸೇರಿತು ಎಂದು ಕೊಟ್ಟವರಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಅದೂ ಮಡಿಲಿಂದ ಮಡಿಲಿಗೆ ದಾಟಿದ ಕರುಣೆಯೇ.

ಇಂದಿನ ಅಭ್ಯಾಸ: ನಮ್ಮ ಓಣಿಯಲ್ಲಿ ಕೂಲಿಗೆ ಹೋಗುವ ತಾಯಿಯ ಮಗು ಉಂಡಿದೆಯೇ ಎಂದು ಕೇಳೋಣ. ಒಂದು ತಾಸು ನೋಡಿಕೊಳ್ಳೋಣ. ಯಾರ ಮಗು ಎಂದು ಕೇಳುವುದು ಬೇಡ.

ಭವತು ಸಬ್ಬ ಮಂಗಲಂ.