ಹೀಥ್ರೋ: ಊರು ಹೋಗಿ ಹೆಸರು ಉಳಿದ ಬಗೆ

ಸ್ಥಳನಾಮಗಳ ಪಾಠಕ್ಕೆ ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣ ಉತ್ತಮ ಉದಾಹರಣೆ. ಮೊದಲು ಪದವನ್ನು ಬಿಡಿಸಿ ತೋರಿಸಬೇಕು: ಹೀತ್ ಎಂದರೆ ಕುರುಚಲು ಬಯಲು, ರೋ ಎಂದರೆ ಸಾಲು, ಬಯಲಂಚಿನ ಮನೆಸಾಲು. ಹಣ್ಣು, ತರಕಾರಿ ಬೆಳೆಯುತ್ತಿದ್ದ ಆ ಹಳ್ಳಿಯನ್ನು ಸರ್ಕಾರವು 1944ರಲ್ಲಿ ಯುದ್ಧಕಾಲದ ವಿಶೇಷಾಧಿಕಾರದಿಂದ ವಶಪಡಿಸಿಕೊಂಡು ನೆಲಸಮಗೊಳಿಸಿತು. ಸೇನಾ ವಿಮಾನಗಳಿಗೆಂದು ಪಡೆದ ನೆಲ 1946ರಲ್ಲಿ ನಾಗರಿಕ ನಿಲ್ದಾಣವಾಯಿತು. ಅದಕ್ಕಿಟ್ಟ ಹೆಸರು 'ಲಂಡನ್ ವಿಮಾನ ನಿಲ್ದಾಣ'. ಹೀಥ್ರೋ ಎಂಬ ಹೆಸರು ಅಧಿಕೃತವಾಗಿ ಮರಳಿದ್ದು 1966ರಲ್ಲಿ. ಅಷ್ಟರಲ್ಲಿ ಆ ಹೆಸರಿನ ಹಳ್ಳಿಯೇ ಇರಲಿಲ್ಲ. ಮೂರನೆಯ ಓಡುದಾರಿಯ ಯೋಜನೆಯನ್ನು ನೆರೆಯ ಹಾರ್ಮಂಡ್ಸ್‌ವರ್ತ್ ಗ್ರಾಮಸ್ಥರು ವಿರೋಧಿಸುತ್ತ ಬಂದುದನ್ನೂ ತಿಳಿಸಬಹುದು.

ಅನಂತರ, ತಮ್ಮೂರಿನ ಹೊಲ, ಕೆರೆ, ಬಯಲುಗಳಿಗೆ ಹಿರಿಯರು ಬಳಸುವ ಕನ್ನಡ ಹೆಸರುಗಳನ್ನು ಕೇಳಿ, ಅರ್ಥಸಹಿತ ಬರೆದು ತರಲು ಮಕ್ಕಳಿಗೆ ಹೇಳಿರಿ. ನಾಮಫಲಕದಲ್ಲಿರುವ ರೂಪವನ್ನು ಪಕ್ಕದಲ್ಲೇ ಬರೆಸಿರಿ.