ಎರಡೂವರೆ ಗಂಟೆ ಮೊದಲೇ ಬರುತ್ತಿದ್ದ ಧೂಮಕೇತು

ಲ್ಯಾಬ್‌ನಲ್ಲಿ ನಮ್ಮ ರೀಡಿಂಗ್ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಆಚೀಚೆ ಆದರೆ ಹಬ್ಬವೇ ಸರಿ. ಆದರೆ ಅಷ್ಟೇ ಸಣ್ಣ ವ್ಯತ್ಯಾಸವೊಂದು ಖಗೋಳ ವಿಜ್ಞಾನಿಗಳನ್ನು ನೂರಕ್ಕೂ ಹೆಚ್ಚು ವರ್ಷ ಕಾಡಿತು. ಅದೇ ಎಂಕೆ ಧೂಮಕೇತುವಿನ ಕಥೆ.

ನಾಲ್ಕು ಸಲ ಸಿಕ್ಕಿದ್ದು ಒಂದೇ!

1786ರಲ್ಲಿ ಫ್ರಾನ್ಸಿನ ಪಿಯರ್ ಮೆಶಾಂ ಒಂದು ಮಂದ ಧೂಮಕೇತುವನ್ನು ಕಂಡರು. 1795ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾರೊಲಿನ್ ಹರ್ಷೆಲ್ ಒಂದನ್ನು ಕಂಡರು. 1805ರಲ್ಲಿ ಮತ್ತೊಂದು ಕಾಣಿಸಿತು. 1818ರ ನವೆಂಬರ್ 26ರಂದು ಮಾರ್ಸೆಯ ವೀಕ್ಷಣಾಲಯದಲ್ಲಿ ಜಾನ್ ಲೂಯಿ ಪಾನ್ಸ್ ಇನ್ನೊಂದನ್ನು ಹಿಡಿದರು. ಈ ಪಾನ್ಸ್ ಅದೇ ವೀಕ್ಷಣಾಲಯದಲ್ಲಿ ಬಾಗಿಲು ಕಾಯುವ ಕೆಲಸಕ್ಕೆ ಸೇರಿ, ನೋಡುತ್ತಾ ಕಲಿತು ಮೇಲೆ ಬಂದವರು.

ಜರ್ಮನಿಯಲ್ಲಿ ಗಾಸ್ ಅವರ ಶಿಷ್ಯ ಯೋಹಾನ್ ಎಂಕೆ, ಪಾನ್ಸ್ ಕಂಡ ಧೂಮಕೇತುವಿನ ಕಕ್ಷೆಯನ್ನು ಲೆಕ್ಕ ಹಾಕಲು ಕೂತರು. ಗುರು ಮತ್ತಿತರ ಗ್ರಹಗಳ ಸೆಳೆತವನ್ನೂ ಸೇರಿಸಿಕೊಂಡು, ಎಲ್ಲಾ ಕೈಲೆಕ್ಕ. ಉತ್ತರ ನೋಡಿದರೆ ಆ ನಾಲ್ಕೂ ಒಂದೇ ಧೂಮಕೇತು! 1822ರಲ್ಲಿ ಅದು ಮತ್ತೆ ಬರುತ್ತದೆ ಅಂತ ಅವರು ಹೇಳಿದರು. ಆ ವರ್ಷ ಜೂನ್‌ನಲ್ಲಿ ಆಸ್ಟ್ರೇಲಿಯಾದ ಪ್ಯಾರಮಾಟಾದಲ್ಲಿ ಕಾರ್ಲ್ ರೂಮ್ಕರ್ ಅದನ್ನು ಕಂಡೇಬಿಟ್ಟರು. ಹ್ಯಾಲಿಯ ನಂತರ, ಮೊದಲೇ ಹೇಳಿದಂತೆ ಮರಳಿ ಬಂದ ಎರಡನೆಯ ಧೂಮಕೇತು ಇದು. ಜನ ಎಂಕೆಯವರ ಹೆಸರಿಟ್ಟರೂ ಅವರು ಮಾತ್ರ ಅದನ್ನು "ಪಾನ್ಸ್ ಧೂಮಕೇತು" ಎಂದೇ ಕರೆಯುತ್ತಿದ್ದರು.

ಕಕ್ಷೆಯ ಲೆಕ್ಕ

ಈಗ ನಾವೂ ಸ್ವಲ್ಪ ಲೆಕ್ಕ ಮಾಡೋಣ. ಭೂಮಿ-ಸೂರ್ಯರ ಸರಾಸರಿ ದೂರವನ್ನು 1 ಖಗೋಳ ಮಾನ ಅಂತ ಇಟ್ಟುಕೊಳ್ಳಿ. ಈ ಧೂಮಕೇತು ಸೂರ್ಯನ ಹತ್ತಿರ ಬಂದಾಗ ಸುಮಾರು 0.34 ಮಾನ ದೂರದಲ್ಲಿರುತ್ತದೆ, ಅಂದರೆ ಬುಧನ ಸರಾಸರಿ ದೂರಕ್ಕಿಂತಲೂ ಒಳಗೆ. ದೂರ ಹೋದಾಗ 4.09 ಮಾನ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ದೀರ್ಘಾರ್ಧ ಅಕ್ಷ 2.215. ಕೆಪ್ಲರ್‌ನ ಮೂರನೇ ನಿಯಮದಂತೆ ಇದರ ಘನ 10.87, ಅದರ ವರ್ಗಮೂಲ 3.3. ಅಷ್ಟೇ, ಅವಧಿ 3.3 ವರ್ಷ! ವೇಗ ಹತ್ತಿರದಲ್ಲಿ ಸೆಕೆಂಡಿಗೆ ಸುಮಾರು 70 ಕಿ.ಮೀ., ದೂರದಲ್ಲಿ 6 ಕಿ.ಮೀ.ಗೂ ಕಡಿಮೆ.

ಬ್ರೇಕ್ ಹಾಕಿದರೆ ಬೇಗ ಬರುತ್ತದೆಯೇ?

ಗ್ರಹಗಳ ಸೆಳೆತವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಅದು ಪ್ರತಿ ಸುತ್ತಿಗೆ ಸುಮಾರು ಎರಡೂವರೆ ಗಂಟೆ ಮೊದಲೇ ಬರುತ್ತಿತ್ತು. 3.3 ವರ್ಷ ಅಂದರೆ ಸುಮಾರು 28,900 ಗಂಟೆ. ಕೆಪ್ಲರ್ ಸೂತ್ರಕ್ಕೆ ಹಾಕಿ ನೋಡಿ: ದೀರ್ಘಾರ್ಧ ಅಕ್ಷ ಸುಮಾರು 19,000 ಕಿ.ಮೀ. ಕುಗ್ಗಿದಂತೆ. ಭೂಮಿಯ ವ್ಯಾಸದ ಒಂದೂವರೆ ಪಟ್ಟು!

ಬಾಹ್ಯಾಕಾಶದಲ್ಲಿ ತೆಳುವಾದ ಮಾಧ್ಯಮವೊಂದು ಧೂಮಕೇತುವನ್ನು ತಡೆಯುತ್ತಿದೆ ಎಂದರು ಎಂಕೆ. ತಡೆದರೆ ತಡವಾಗಬೇಕಲ್ಲವೇ? ಇಲ್ಲ. ಶಕ್ತಿ ಕಳೆದುಕೊಂಡರೆ ಕಕ್ಷೆ ಕುಗ್ಗುತ್ತದೆ, ಸುತ್ತು ಬೇಗ ಮುಗಿಯುತ್ತದೆ. ವಾದ ಸರಿಯಾಗಿಯೇ ಇತ್ತು. ಆದರೆ ಹ್ಯಾಲಿ ಧೂಮಕೇತು ಪ್ರತಿ ಸಲ ಲೆಕ್ಕಕ್ಕಿಂತ ಸುಮಾರು ನಾಲ್ಕು ದಿನ ತಡವಾಗಿ ಬರುತ್ತದೆ. ತಡೆಯುವ ಮಾಧ್ಯಮ ಅದನ್ನು ವಿವರಿಸಲಾರದು.

1950ರಲ್ಲಿ ಅಮೆರಿಕದ ಫ್ರೆಡ್ ವಿಪಲ್ ಉತ್ತರ ಕೊಟ್ಟರು. ಧೂಮಕೇತುವಿನ ನಡುವೆ ಇರುವುದು ಮಂಜುಗಡ್ಡೆ ಮತ್ತು ಧೂಳಿನ ಗಟ್ಟಿ ಮುದ್ದೆ. ಬಿಸಿಲಿಗೆ ಮಂಜು ಆವಿಯಾಗಿ ಚಿಮ್ಮುತ್ತದೆ, ಮುದ್ದೆಗೆ ಎದುರು ದಿಕ್ಕಿನ ತಳ್ಳು ಸಿಗುತ್ತದೆ. ಥೇಟ್ ರಾಕೆಟ್! ನಮಗೆ ನಡುಮಧ್ಯಾಹ್ನಕ್ಕಿಂತ ಎರಡು ಗಂಟೆಯ ಹೊತ್ತಿಗೆ ಸೆಕೆ ಜಾಸ್ತಿ ಅಲ್ವಾ? ಅಲ್ಲೂ ಹಾಗೆಯೇ, ಮಧ್ಯಾಹ್ನ ದಾಟಿದ ಬದಿಯಲ್ಲಿ ಆವಿ ಹೆಚ್ಚು. ಹಾಗಾಗಿ ಮುದ್ದೆ ತನ್ನ ಸುತ್ತ ಯಾವ ಕಡೆಗೆ ತಿರುಗುತ್ತದೆ ಎಂಬುದರ ಮೇಲೆ ಆ ತಳ್ಳು ಕಕ್ಷೆಯಲ್ಲಿ ಮುಂದಕ್ಕೋ ಹಿಂದಕ್ಕೋ ಬೀಳುತ್ತದೆ. ಬೇಗ ಬರುವುದಕ್ಕೂ ತಡವಾಗುವುದಕ್ಕೂ ಒಂದೇ ಕಾರಣ.

ಎಂಕೆ ಕೊಟ್ಟ ಕಾರಣ ನಿಲ್ಲಲಿಲ್ಲ, ಅವರ ಲೆಕ್ಕ ನಿಂತಿತು. ಎರಡೂವರೆ ಗಂಟೆಯನ್ನು ಅವರು "ಅಷ್ಟೇ ತಾನೇ" ಅಂತ ಬಿಟ್ಟಿದ್ದರೆ ವಿಪಲ್‌ಗೆ ಉತ್ತರಿಸಲು ಪ್ರಶ್ನೆಯೇ ಇರುತ್ತಿರಲಿಲ್ಲ. ಲೆಕ್ಕದ ಪ್ರಕಾರ ಧೂಮಕೇತು 2027ರ ಫೆಬ್ರುವರಿಯಲ್ಲಿ ಮತ್ತೆ ಸೂರ್ಯನ ಹತ್ತಿರ ಬರುತ್ತದೆ. ಅದಕ್ಕೂ ಮುಂಚೆ ನಿಮ್ಮ ಲ್ಯಾಬ್ ರೆಕಾರ್ಡ್‌ನಲ್ಲಿ ಒಂದೇ ಕಡೆಗೆ ವಾಲುವ ಸಣ್ಣ ವ್ಯತ್ಯಾಸ ಕಂಡರೆ, ಅಳಿಸಬೇಡಿ. ಒಂದು ಸುತ್ತು ಹಾಕಿಬಿಡಿ.