ಕೋಡ್ ಬದಲಾದ ದಿನವೇ ಕೈಪಿಡಿಯೂ ಬದಲಾಗಲಿ

ನೀರಾವರಿ ಪಂಪಿನ ಕಂಟ್ರೋಲರ್ ಬೋರ್ಡುಗಳಿಗೆ ಫರ್ಮ್‌ವೇರ್ ಬರೆಯುವುದು ನನ್ನ ಕೆಲಸ. ಚಿಪ್ಪಿನಲ್ಲಿರುವುದು 64 ಕಿಲೋಬೈಟ್ ಫ್ಲ್ಯಾಶ್, 20 ಕಿಲೋಬೈಟ್ ರ್‍ಯಾಮ್. ಇಷ್ಟು ಚಿಕ್ಕ ಕೋಡಿಗೆ ಬಿಲ್ಡ್, ಡಾಕ್ಯುಮೆಂಟ್ ಎಂದೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಹೊಸಬರು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು.

1. ಹೆಡರ್ ಬದಲಾದರೆ ಅದನ್ನು ಬಳಸುವ ಪ್ರತಿ ಕಡತವೂ ಮತ್ತೆ ಕಂಪೈಲ್ ಆಗಬೇಕು.
ಒಮ್ಮೆ ಒಂದು ಸ್ಟ್ರಕ್ಟಿನ ನಡುವೆ ಎರಡು ಬೈಟಿನ ಫೀಲ್ಡ್ ಸೇರಿಸಿದೆ. ಸೆನ್ಸರ್ ಓದುವ ಕಡತ ಮತ್ತೆ ಕಂಪೈಲ್ ಆಯಿತು, ಡೇಟಾ ಕಳಿಸುವ ಕಡತ ಆಗಲಿಲ್ಲ. ಮೇಕ್‌ಫೈಲಿನಲ್ಲಿ ಹೆಡರುಗಳ ಅವಲಂಬನೆಯನ್ನು ನಾನು ಬರೆದೇ ಇರಲಿಲ್ಲ. ಒಂದು ಕಡತ ಹೊಸ ಲೆಕ್ಕದಲ್ಲಿ ತುಂಬುತ್ತಿತ್ತು, ಇನ್ನೊಂದು ಹಳೇ ಲೆಕ್ಕದಲ್ಲಿ ತೆಗೆಯುತ್ತಿತ್ತು. ವೋಲ್ಟೇಜಿನ ಜಾಗದಲ್ಲಿ ಕರೆಂಟಿನ ಅಂಕಿ ಬರುತ್ತಿತ್ತು. ಎರಡು ದಿನ ಆಸಿಲೋಸ್ಕೋಪ್ ಹಿಡಿದು ವೈರಿನಲ್ಲಿ ತಪ್ಪು ಹುಡುಕಿದೆ. ‘ಮೇಕ್ ಕ್ಲೀನ್’ ಕೊಟ್ಟು ಮತ್ತೆ ಬಿಲ್ಡ್ ಮಾಡಿದ ಕೂಡಲೇ ಎಲ್ಲ ಸರಿಹೋಯಿತು. ಜಿಸಿಸಿಗೆ ‘-ಎಂಎಂಡಿ’, ‘-ಎಂಪಿ’ ಎಂಬ ಆಯ್ಕೆಗಳನ್ನು ಕೊಟ್ಟರೆ ಈ ಅವಲಂಬನೆಯ ಪಟ್ಟಿಯನ್ನು ಅದೇ ಬರೆದುಕೊಡುತ್ತದೆ. ಆ ಪಟ್ಟಿಯನ್ನು ಮೇಕ್‌ಫೈಲಿನಲ್ಲಿ ಇನ್‌ಕ್ಲೂಡ್ ಮಾಡಿಕೊಳ್ಳಬೇಕು, ಅಷ್ಟೇ. ಇವತ್ತಿಗೂ ಯಾರಾದರೂ “ಒಮ್ಮೆ ಕ್ಲೀನ್ ಮಾಡಿ ನೋಡು” ಎಂದರೆ ನಾನು ಮೊದಲು ತೆರೆಯುವುದು ಮೇಕ್‌ಫೈಲನ್ನೇ.

2. ಬೈನರಿಯೊಳಗೆ ದಿನಾಂಕ ಬೇಡ, ಕಮಿಟ್ ಸಂಖ್ಯೆ ಇರಲಿ.
ಡೇಟ್, ಟೈಮ್ ಮ್ಯಾಕ್ರೋಗಳನ್ನು ಬಳಸಿದರೆ ಅದೇ ಕೋಡ್ ಪ್ರತಿ ಸಲ ಬೇರೆ ಬೈನರಿಯಾಗುತ್ತದೆ. ಗಿಟ್ ಕಮಿಟ್ ಸಂಖ್ಯೆ ಹಾಕಿ, ಕಂಪೈಲರಿನ ಆವೃತ್ತಿಯನ್ನೂ ರೆಪೊಸಿಟರಿಯಲ್ಲೇ ಬರೆದಿಟ್ಟರೆ, ಮೂರು ವರ್ಷದ ನಂತರ ರಿಪೇರಿಗೆ ಬಂದ ಬೋರ್ಡಿನ ಫರ್ಮ್‌ವೇರನ್ನೂ ಮತ್ತೆ ಹಾಗೇ ಬಿಲ್ಡ್ ಮಾಡಬಹುದು.

3. ಪ್ರತಿ ಬಿಲ್ಡ್ ಕೊನೆಗೆ ಗಾತ್ರ ಕಾಣಬೇಕು.
ಬೈನರಿಯ ಟೆಕ್ಸ್ಟ್ ಮತ್ತು ಡೇಟಾ ಭಾಗಗಳು ಕೂಡಿದರೆ ಫ್ಲ್ಯಾಶ್ ಬಳಕೆ. ಡೇಟಾ ಮತ್ತು ಬಿಎಸ್‌ಎಸ್ ಕೂಡಿದರೆ ರ್‍ಯಾಮ್, ಸ್ಟ್ಯಾಕ್ ಬಿಟ್ಟು. ದಿನಾ ಕಣ್ಣಿಗೆ ಬೀಳುವ ಅಂಕಿ ದಿಢೀರನೆ ಏರಿದರೆ ಅಂದೇ ಗೊತ್ತಾಗುತ್ತದೆ.

4. ಡಾಕ್ಸಿಜನ್ ಹೇಳುವ ವಾರ್ನಿಂಗನ್ನು ಎರರ್ ಎಂದೇ ತಿಳಿಯಿರಿ.
ಕೋಡಿನ ಕಾಮೆಂಟುಗಳಿಂದ ಕೈಪಿಡಿಯ ಪುಟಗಳನ್ನು ತಯಾರಿಸುವ, ಡಿಮಿಟ್ರಿ ವಾನ್ ಹೀಶ್ ಬರೆದ ಈ ಉಪಕರಣ 1997ರಿಂದ ಇದೆ. ಅದರಲ್ಲಿ ‘ಎಕ್ಸ್‌ಟ್ರಾಕ್ಟ್ ಆಲ್’ ಆನ್ ಮಾಡಿದರೆ ವಿವರಣೆ ಇಲ್ಲದ ಫಂಕ್ಷನ್‌ಗಳೂ ಪುಟ ತುಂಬುತ್ತವೆ, ವಿವರಣೆ ಇಲ್ಲ ಎಂಬ ವಾರ್ನಿಂಗ್ ನಿಂತುಹೋಗುತ್ತದೆ. ಪುಟ ನೂರಾದರೂ ಓದುವವರಿಗೆ ಏನೂ ಸಿಗುವುದಿಲ್ಲ. ಆ ಆಯ್ಕೆಯನ್ನು ಆಫ್ ಮಾಡಿ. ಇನ್ನು ಬರೆಯುವ ಕಾಮೆಂಟಿನ ಮಾತು: ‘ಟೈಮ್‌ಔಟ್: ಟೈಮ್‌ಔಟಿನ ಮೌಲ್ಯ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಮಿಲಿಸೆಕೆಂಡುಗಳಲ್ಲಿ, 0 ಕೊಟ್ಟರೆ ಕಾಯುವುದಿಲ್ಲ, ಇಂಟರಪ್ಟ್ ಒಳಗಿಂದ ಕರೆಯಬಾರದು’ ಎಂದು ಬರೆಯಿರಿ. ಇದನ್ನು ಯಾವ ಉಪಕರಣವೂ ನಮ್ಮ ಪರವಾಗಿ ಬರೆಯಲಾರದು.

5. ಕೋಷ್ಟಕವನ್ನು ಕೈಯಿಂದ ಬರೆಯಬೇಡಿ.
ಬೋರ್ಡಿನ ಸೆಟ್ಟಿಂಗುಗಳನ್ನು ಹೊರಗಿನಿಂದ ಓದಲು, ಬದಲಿಸಲು ಬಳಸುವ ನಮ್ಮ ಮಾಡ್‌ಬಸ್ ರಿಜಿಸ್ಟರುಗಳ ಪಟ್ಟಿ ಮೊದಲು ಎರಡು ಕಡೆ ಇತ್ತು, ಹೆಡರಿನಲ್ಲೊಂದು, ವರ್ಡ್ ಕಡತದಲ್ಲೊಂದು. ಒಂದು ಮಧ್ಯಾಹ್ನ ಪಂಪ್‌ಹೌಸಿನಿಂದ ಟೆಕ್ನಿಷಿಯನ್ ಒಬ್ಬರು ಫೋನ್ ಮಾಡಿದರು: “ಸಾರ್, ನೀವು ಕೊಟ್ಟ ಹಾಳೇಲಿ 40013 ಅಂದ್ರೆ ಡ್ರೈ ರನ್ ಲಿಮಿಟ್ ಅಂತಿದೆ. ಅದನ್ನ ಬದಲಾಯಿಸಿದ್ರೆ ಸ್ಟಾರ್ಟ್ ಡಿಲೇ ಬದಲಾಗ್ತಿದೆಯಲ್ಲ?” ಕೋಡಿನ ಪಟ್ಟಿಯ ನಡುವೆ ನಾನು ಒಂದು ರಿಜಿಸ್ಟರ್ ತೂರಿಸಿದ್ದೆ. ವರ್ಡ್ ಕಡತಕ್ಕೆ ಸೇರಿಸಿರಲಿಲ್ಲ. ಆ ಹಾಳೆಯನ್ನು ಅವರು ಸ್ವಂತ ದುಡ್ಡಿನಲ್ಲಿ ಲ್ಯಾಮಿನೇಟ್ ಮಾಡಿಸಿಕೊಂಡಿದ್ದರು. ಅಷ್ಟು ನಂಬಿದ್ದರು ಅದನ್ನು.

ಈಗ ಪಟ್ಟಿ ಇರುವುದು ಒಂದೇ ಯಾಮಲ್ ಕಡತದಲ್ಲಿ. ಬಿಲ್ಡ್ ಆಗುವಾಗ ಪೈಥಾನ್ ಸ್ಕ್ರಿಪ್ಟ್ ಅದರಿಂದಲೇ ಹೆಡರನ್ನೂ ಕನ್ನಡದ ಕೋಷ್ಟಕವನ್ನೂ ಹುಟ್ಟಿಸುತ್ತದೆ. ಕಾಗದದ 40013 ಮಾಡ್‌ಬಸ್ ಸಂದೇಶದಲ್ಲಿ 12 ಆಗಿ ಹೋಗುವುದರಿಂದ ಎರಡೂ ಅಂಕಿಗಳನ್ನು ಅಕ್ಕಪಕ್ಕ ಮುದ್ರಿಸುತ್ತೇವೆ. ಒಮ್ಮೆ ಬಿಡುಗಡೆಯಾದ ವಿಳಾಸವನ್ನು ಯಾರಾದರೂ ಬದಲಿಸಿದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಹಾಳೆಯ ಕೆಳಗೆ ಫರ್ಮ್‌ವೇರಿನ ಕಮಿಟ್ ಸಂಖ್ಯೆ ಇರುತ್ತದೆ. ಆ ಟೆಕ್ನಿಷಿಯನ್ ಈಗ ಫೋನ್ ಮಾಡಿದರೆ ಮೊದಲು ಅದನ್ನೇ ಓದಿ ಹೇಳುತ್ತಾರೆ.